ರೋಟರ್ ಹೊಡೆದ ಹೊಲ ಚೆಂದ, ಆದ್ರೆ ಹಾರಿ ಯಾಕೆ ಇಳಿಯಲ್ಲ?

ಸಾವಳಗಿಯಿಂದ ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ಮುಕ್ಕಾಲು ನಿಮಿಷದ್ದು. ಹಿಂದಿನ ರಾತ್ರಿ ಮಳೆಯಾಗಿದೆ, ಕಬ್ಬಿನ ಸಾಲುಗಳಲ್ಲಿ ನೀರು ನಿಂತಿದೆ. ನಡುವೆ ಒಬ್ಬ ರೈತರು, ಪಂಚೆ ಮೇಲಕ್ಕೆ ಕಟ್ಟಿಕೊಂಡು, ಕೈಯಲ್ಲಿ ಕಬ್ಬಿಣದ ಹಾರಿ ಹಿಡಿದು ನಿಂತಿದ್ದಾರೆ. ಹಾರಿ ಎತ್ತಿ ನೆಲಕ್ಕೆ ಹಾಕ್ತಾರೆ. ಐದು ಇಂಚು ಸರಕ್ಕಂತ ಇಳಿಯುತ್ತೆ. ಆಮೇಲೆ ಟಕ್ ಅಂತ ನಿಂತುಬಿಡುತ್ತೆ. ಇನ್ನೊಂದು ಕಡೆ ಹಾಕ್ತಾರೆ, ಅಲ್ಲೂ ಅಷ್ಟೇ.

"ನೋಡ್ರಿ ಸರ, ಮ್ಯಾಲ ರಾಡಿ, ಕೆಳಗ ಕಲ್ಲು. ನಾಕ ವರ್ಷ ಆತು, ರೋಟರ್ ಬಿಟ್ಟು ಬ್ಯಾರೆ ಏನೂ ಹೊಡಸಿಲ್ಲ. ಈಗ ಸಬ್ಸಿಡಿ ಒಳಗ ಪಲ್ಟಿ ತಗೋಬೇಕೋ, ಸಬ್‌ಸಾಯ್ಲರ್ ತಗೋಬೇಕೋ, ನೀವ ಹೇಳ್ರಿ. ಟೀವ್ಯಾಗ ರೋಟರ್ ಭಾಳ ಛಲೋ ಅಂದಾವ್ರು ನೀವ ಅಲ್ರಿ?"

ಕೊನೆಯ ಮಾತು ನನಗೆ ಸರಿಯಾಗೇ ಬಿತ್ತು. ಹೌದು, ನಾನೇ ಹೇಳಿದ್ದೆ. ಕೃಷಿ ಯಂತ್ರಗಳ ಸಹಾಯಧನದ ಬಗ್ಗೆ ಒಂದು ಕಾರ್ಯಕ್ರಮ ಮಾಡಿದ್ವಿ. ಅವತ್ತು ಪರದೆ ಮೇಲೆ ರೋಟವೇಟರ್ ಓಡಿಸಿ, "ಒಂದೇ ಸುತ್ತು, ಹೊಲ ರೆಡಿ" ಅಂತ ನಗುನಗುತ್ತಾ ಹೇಳಿದ್ದೆ. ಯಾವ ಹೊಲ, ಯಾವ ಮಣ್ಣು, ಯಾವ ತಿಂಗಳು ಅಂತ ಹೇಳಿರಲಿಲ್ಲ. ಒಬ್ಬ ಇಂಜಿನಿಯರಿಂಗ್ ಪದವೀಧರ ಹಾಗೆ ಹೇಳಬಾರದಿತ್ತು. ಅವತ್ತು ಬಿಟ್ಟಿದ್ದನ್ನ ಇವತ್ತು ಹೇಳ್ತೀನಿ. ಸಾವಳಗಿಯ ಎರೆ ಹೊಲವನ್ನೇ ಎದುರಿಗೆ ಇಟ್ಟುಕೊಂಡು.

ಮೊದಲು ಈ ಮಣ್ಣು ಎಂಥದ್ದು ನೋಡೋಣ. ಜಮಖಂಡಿ ತಾಲೂಕಿನ ಸಾವಳಗಿ ಹೋಬಳಿ, ಅದರಾಚೆ ಅಥಣಿ, ವಿಜಯಪುರದ ಕಡೆಗೆ ಹೋದರೆ ಕಣ್ಣಿಗೆ ಬೀಳೋದು ಕಪ್ಪು ಎರೆ ಭೂಮಿ. ನೀರು ಮುಟ್ಟಿದ ಕಡೆ ಕಬ್ಬು, ದ್ರಾಕ್ಷಿ. ಮುಟ್ಟದ ಕಡೆ ಹಿಂಗಾರಿ ಜೋಳ, ಕಡಲೆ, ಕುಸುಬೆ. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ಇಷ್ಟು ಕಡಿಮೆ ಮಳೆಯಲ್ಲಿ ಜೋಳ ಹೇಗೆ ಬರುತ್ತೆ? ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಅದಕ್ಕೆ. ಎರೆ ಮಣ್ಣಿನ ಜೇಡಿ ಕಣಗಳು ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತೆ. ನೀರು ಹೋದರೆ ಕುಗ್ಗುತ್ತೆ, ಬಿರುಕು ಬಿಡುತ್ತೆ. ಒಂದು ಮೀಟರ್ ಆಳದ ಒಳ್ಳೆಯ ಎರೆಯಲ್ಲಿ ಬೆಳೆಗೆ ಸಿಗುವ ನೀರೇ ಸುಮಾರು 150 ಮಿಲಿಮೀಟರ್ ಇರುತ್ತೆ. ಅಂದ್ರೆ ಎರಡು-ಮೂರು ದೊಡ್ಡ ಮಳೆಯನ್ನ ಹೊಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ ಅಂತ.

ಆ ಬಿರುಕು ಇದೆಯಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿಡುತ್ತಲ್ಲ, ನಾವು ಪೇಟೆಯವರು ಅದನ್ನ ನೋಡಿದ ಕೂಡಲೇ ಬರಗಾಲದ ಫೋಟೋ ಅಂತ ಟೀವಿಯಲ್ಲಿ ಹಾಕ್ತೀವಿ. ನಾನೂ ಹಾಕಿದ್ದೀನಿ. ಆದ್ರೆ ಎರೆ ಹೊಲಕ್ಕೆ ಆ ಬಿರುಕೇ ಪುಕ್ಕಟೆ ನೇಗಿಲು. ಮೇಲಿನ ಪುಡಿ ಮಣ್ಣು ಬಿರುಕಿನೊಳಗೆ ಬೀಳುತ್ತೆ, ಮೊದಲ ಮಳೆ ನೇರ ಕೆಳಗೆ ಇಳಿಯುತ್ತೆ, ಕೆಳಗಿನ ಮಣ್ಣು ಉಬ್ಬಿ ಮೇಲಕ್ಕೆ ಒತ್ತುತ್ತೆ. ಯಾರೂ ಉಳದಿದ್ರೂ ಮಣ್ಣು ತನ್ನನ್ನ ತಾನೇ ಮಗುಚಿಕೊಳ್ಳುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸಮಸ್ಯೆ ಎಲ್ಲಿ ಅಂದ್ರೆ, ಈ ಮಣ್ಣು ಕೆಲಸ ಮಾಡಲು ಕೊಡುವ ಹೊತ್ತು ತೀರಾ ಕಡಿಮೆ. ಹಸಿ ಇದ್ದಾಗ ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತೆ. ಒಣಗಿದರೆ ಹೆಂಟೆ ಒಡೆಯಲು ಕೊಡಲಿ ಬೇಕು. ಇವೆರಡರ ನಡುವೆ ಕೆಲವೇ ದಿನ ಹದ ಇರುತ್ತೆ. ಯಾವ ಯಂತ್ರ ಅನ್ನೋ ಪ್ರಶ್ನೆಗಿಂತ ಯಾವ ದಿನ ಅನ್ನೋ ಪ್ರಶ್ನೆ ದೊಡ್ಡದು. ಇದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆದ್ರೆ ಬಾಡಿಗೆ ಟ್ರ್ಯಾಕ್ಟರ್ ನಮ್ಮ ಹದಕ್ಕೆ ಬರಲ್ಲ, ಅದರ ಪಾಳಿಗೆ ಬರುತ್ತೆ. ಅಲ್ಲೇ ಎಡವಟ್ಟು.

ಹದ ನೋಡಲು ಒಂದು ಪರೀಕ್ಷೆ ಇದೆ. ಕಾಲೇಜಿನಲ್ಲಿ ಮಣ್ಣಿನ ಲ್ಯಾಬ್‌ನಲ್ಲಿ ನಮ್ಮಿಂದ ಮಾಡಿಸ್ತಿದ್ರು. ಒದ್ದೆ ಮಣ್ಣನ್ನ ಗಾಜಿನ ಮೇಲಿಟ್ಟು ಅಂಗೈಯಿಂದ ಶಾವಿಗೆ ಥರ ಹೊಸೆಯಬೇಕು. 3 ಮಿಲಿಮೀಟರ್ ದಪ್ಪಕ್ಕೆ ಬಂದಾಗ ಅದು ಚೂರುಚೂರಾಗಿ ಮುರಿಯಲು ಶುರುವಾದರೆ, ಆ ತೇವಾಂಶವೇ ಆ ಮಣ್ಣಿನ ಮೆತುಗಡಿ. ಅದಕ್ಕಿಂತ ಹೆಚ್ಚು ನೀರಿದ್ದರೆ ಮಣ್ಣು ಮುರಿಯಲ್ಲ, ಬಾಗುತ್ತೆ. ಕಟ್ಟಡದ ಪಾಯ, ರಸ್ತೆ, ಅಣೆಕಟ್ಟು ಎಲ್ಲದಕ್ಕೂ ಇದನ್ನೇ ನೋಡ್ತಾರೆ. ಮಜಾ ಏನು ಗೊತ್ತಾ? ಈ ಪರೀಕ್ಷೆಯ ಮೂಲ ಕಟ್ಟಡದ್ದಲ್ಲ. 1911ರ ಸುಮಾರಿಗೆ ಸ್ವೀಡನ್ ದೇಶದ ರಸಾಯನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ ಬೇಸಾಯದ ಜೇಡಿ ಮಣ್ಣನ್ನ ಅಳೆಯಲು ಈ ಮಿತಿಗಳನ್ನ ಗೊತ್ತು ಮಾಡಿದ. ಸಿವಿಲ್ ಇಂಜಿನಿಯರುಗಳು ಆಮೇಲೆ ಅದನ್ನ ಎತ್ತಿಕೊಂಡರು. ನಾವು ನಾಲ್ಕು ವರ್ಷ ಓದಿ ಮಾರ್ಕ್ಸ್ ತಗೊಂಡ ಆ ಪರೀಕ್ಷೆ ಅಸಲಿಗೆ ರೈತರದ್ದು!

ಹೊಲದಲ್ಲಿ ಗಾಜು ಬೇಡ. ಎಷ್ಟು ಆಳ ಉಳಬೇಕು ಅಂತಿದ್ದೀರೋ ಅಷ್ಟು ಆಳದಿಂದ (ಮೇಲಿಂದ ಅಲ್ಲ, ಎಲ್ಲರೂ ತಪ್ಪೋದು ಇಲ್ಲೇ) ಒಂದು ಹಿಡಿ ಮಣ್ಣು ತೆಗೀರಿ. ಅಂಗೈಯಲ್ಲಿ ಹೊಸೀರಿ. ಪೆನ್ಸಿಲಿಗಿಂತ ಸಣ್ಣ ಎಳೆ ಮುರಿಯದೆ ಬಂತು ಅಂದ್ರೆ ಟ್ರ್ಯಾಕ್ಟರ್ ವಾಪಸ್ ಕಳಿಸಿ. ಎಳೆ ಬರುವ ಮೊದಲೇ ಉದುರಿತು ಅಂದ್ರೆ ಹದ ಬಂದಿದೆ.

ಈಗ ರೋಟರ್‌ಗೆ ಬರೋಣ. ಲೆಕ್ಕ ಹಾಕಿ ನೋಡೋಣ, ಕಷ್ಟದ ಲೆಕ್ಕ ಏನಲ್ಲ. ರೋಟರಿನ ಗಾಲಿ ನಿಮಿಷಕ್ಕೆ ಸುಮಾರು 200 ಸುತ್ತು ಸುತ್ತುತ್ತೆ. ಟ್ರ್ಯಾಕ್ಟರ್ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ, ಅಂದ್ರೆ ನಿಮಿಷಕ್ಕೆ 50 ಮೀಟರ್ ಮುಂದೆ ಹೋಗ್ತಿದೆ. ಹಾಗಾದ್ರೆ ಒಂದು ಸುತ್ತಿಗೆ 25 ಸೆಂಟಿಮೀಟರ್. ಒಂದು ಬಿಲ್ಲೆಯ ಒಂದು ಬದಿಗೆ ಮೂರು ಕತ್ತಿ ಅಂದ್ರೆ ಪ್ರತಿ 8 ಸೆಂಟಿಮೀಟರಿಗೆ ಒಂದು ಏಟು. ಕತ್ತಿಯ ತುದಿಯ ವೇಗ ಗಂಟೆಗೆ ಹತ್ತಿರ ಹತ್ತಿರ 18 ಕಿಲೋಮೀಟರ್, ಟ್ರ್ಯಾಕ್ಟರಿಗಿಂತ ಆರು ಪಟ್ಟು. ಮೇಲಿನ ನಾಲ್ಕೈದು ಇಂಚು ಮಣ್ಣು ರವೆ ಥರ ಆಗೋದು ಹೀಗೆ. ಕಣ್ಣಿಗೆ ಬಹಳ ಚೆಂದ. ದುಡ್ಡು ಕೊಟ್ಟವರಿಗೆ ಸಮಾಧಾನ.

ಆದ್ರೆ ಕತ್ತಿಯ ಆಕಾರ ನೋಡಿ. ತುದಿ ಅಡ್ಡಕ್ಕೆ ಬಾಗಿದೆ. ಆ ಬಾಗಿದ ಪಾದ ಪ್ರತಿ ಏಟಿಗೂ ಅದೇ ಐದು ಇಂಚಿನ ತಳವನ್ನ ಸವರಿಕೊಂಡು ಹೋಗುತ್ತೆ. ಮೇಲೆ ಒಣಗಿ, ತಳದಲ್ಲಿ ಹಸಿ ಇದ್ದರೆ ಆ ತಳ ಗಾರೆ ಉಜ್ಜಿದ ಹಾಗೆ ನುಣುಪಾಗುತ್ತೆ. ಮನೆ ಕಟ್ಟುವ ಮೇಸ್ತ್ರಿ ಕರಣೆಯಲ್ಲಿ ಸಿಮೆಂಟ್ ಸವರ್ತಾನಲ್ಲ, ಅದೇ ಕೆಲಸ. ಮುಂದಿನ ವರ್ಷವೂ ಅದೇ ಆಳ, ಅದರ ಮುಂದಿನ ವರ್ಷವೂ ಅದೇ ಆಳ. ನಾಲ್ಕು ವರ್ಷಕ್ಕೆ ಹೊಲದೊಳಗೆ ಒಂದು ಹಾಸುಗಲ್ಲು ತಯಾರು. ಸಾವಳಗಿಯ ಆ ಹಾರಿ ಟಕ್ ಅಂದಿದ್ದು ಅದಕ್ಕೇ ಬಡಿದು.

ಇನ್ನೊಂದು ಮೋಸ ಇದೆ. ರೋಟರಿನ ಕತ್ತಿಗಳು ಮಣ್ಣನ್ನ ಹಿಂದಕ್ಕೆ ತಳ್ಳುವಾಗ ಟ್ರ್ಯಾಕ್ಟರನ್ನ ಮುಂದಕ್ಕೆ ತಳ್ಳುತ್ತವೆ. ಗಾಲಿ ಜಾರಲ್ಲ. ಹಾಗಾಗಿ ಪಲ್ಟಿ ಹೊಡೆಯಲು ಸಾಧ್ಯವೇ ಇಲ್ಲದಷ್ಟು ಹಸಿ ಇದ್ದಾಗಲೂ ರೋಟರ್ ಆರಾಮಾಗಿ ಹೋಗುತ್ತೆ. ಬೇರೆ ಉಪಕರಣಗಳಲ್ಲಿ ಗಾಲಿ ಜಾರಿದಾಗ ಮಣ್ಣು 'ಇವತ್ತು ಬೇಡ' ಅಂತ ಹೇಳ್ತಿತ್ತು. ರೋಟರ್ ಆ ಬಾಯಿ ಮುಚ್ಚಿಸಿಬಿಟ್ಟಿದೆ. ಮೇಲಿಂದ, ರವೆಯಷ್ಟು ಸಣ್ಣ ಮಾಡಿದ ಎರೆ ಮಣ್ಣು ಒಂದು ಜೋರು ಮಳೆಗೆ ಕರಗಿ, ಒಣಗಿದ ಮೇಲೆ ಹಪ್ಪಳ ಕಟ್ಟುತ್ತೆ. ಬೀಜ ಮೊಳೆತರೂ ತಲೆ ಎತ್ತಲು ಆಗಲ್ಲ.

ಹಾಗಂತ ರೋಟರ್ ಬೇಡವೇ ಬೇಡ ಅಂತೀನಾ? ಇಲ್ಲ ಸ್ವಾಮಿ. ಕೂಳೆ ಕಬ್ಬು ತೆಗೆದ ಮೇಲೆ ಬುಡ ಕತ್ತರಿಸಲು, ರವದಿಯನ್ನ ಸುಡದೆ ಮಣ್ಣಿಗೆ ಸೇರಿಸಲು ಅದರಷ್ಟು ಒಳ್ಳೆಯದು ಕಡಿಮೆ. ಒಣಗಿದ ಹೊಲದಲ್ಲಿ, ಎರಡು-ಮೂರು ವರ್ಷಕ್ಕೊಮ್ಮೆ ಆಳದ ಕೆಲಸ ಮಾಡಿಸುತ್ತಾ, ನಡುವೆ ರೋಟರ್ ಬಳಸಿದರೆ ತಕರಾರಿಲ್ಲ. ಅದೊಂದನ್ನೇ, ಪ್ರತಿ ಸಲ, ಹಸಿಯಲ್ಲಿ ಹೊಡೆದರೆ ಮಾತ್ರ ಹೊಲ ಕೆಡುತ್ತೆ.

ಪಲ್ಟಿ ಅಂದ್ರೆ ಮಣ್ಣು ಮಗುಚುವ ರೆಕ್ಕೆ ನೇಗಿಲು. ಇದಕ್ಕೆ ತಾಕತ್ತು ಬೇಕು. ಎಷ್ಟು? ಎರಡು ಕುಳದ ಪಲ್ಟಿ, ಅಗಲ 60 ಸೆಂಟಿಮೀಟರ್, ಆಳ 25 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಕೊಯ್ಯಬೇಕಾದ ಮಣ್ಣಿನ ಮುಖ 1,500 ಚದರ ಸೆಂಟಿಮೀಟರ್. ಭಾರೀ ಜೇಡಿಗೆ ಪ್ರತಿ ಚದರ ಸೆಂಟಿಮೀಟರಿಗೆ 0.8 ಕೆ.ಜಿ. ಎಳೆತ ಅಂತ ಹಿಡಿದರೆ ಒಟ್ಟು 1,200 ಕೆ.ಜಿ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಅಷ್ಟು ಎಳೆಯಲು ಸುಮಾರು 18 ಎಚ್‌ಪಿ ಬೇಕು. 'ಅಷ್ಟೇನಾ, ನಮ್ಮದು 35 ಎಚ್‌ಪಿ ಐತಿ' ಅನ್ನಬೇಡಿ. ಮೆತ್ತನೆ ಹೊಲದಲ್ಲಿ ಇಂಜಿನ್ನಿನ ಶಕ್ತಿಯ ಅರ್ಧದಷ್ಟೇ ಕೊಂಡಿಗೆ ಸಿಗೋದು, ಉಳಿದಿದ್ದು ಗಾಲಿ ಜಾರುವುದರಲ್ಲಿ, ಗೇರಿನಲ್ಲಿ ಹೋಗುತ್ತೆ. ಹಾಗಾಗಿ 36 ಎಚ್‌ಪಿ ಬರೀ ಇಷ್ಟಕ್ಕೇ ಮುಗೀತು. ಮಣ್ಣು ಸ್ವಲ್ಪ ಒಣಗಿದರೆ, ಆಳ 30 ಸೆಂಟಿಮೀಟರ್ ಮಾಡಿದರೆ 43 ದಾಟುತ್ತೆ. ಎರೆ ಹೊಲದಲ್ಲಿ ಎರಡು ಕುಳದ ಪಲ್ಟಿಗೆ 45-50 ಎಚ್‌ಪಿಗೆ ಕಡಿಮೆ ಟ್ರ್ಯಾಕ್ಟರ್ ಬೇಡ ಅನ್ನೋದು ಈ ಕಾರಣಕ್ಕೆ. ಚಿಕ್ಕ ಟ್ರ್ಯಾಕ್ಟರಿಗೆ ದೊಡ್ಡ ಪಲ್ಟಿ ಕಟ್ಟಿದರೆ ಚಾಲಕ ಏನು ಮಾಡ್ತಾನೆ? ಆಳ ಕಡಿಮೆ ಮಾಡ್ತಾನೆ. ನೀವು ಬದುವಿನ ಮೇಲೆ ಚಹಾ ಕುಡೀತಿರ್ತೀರಿ, ಅಲ್ಲಿ ಆರೇ ಇಂಚಿಗೆ ಉಳುಮೆ ನಡೀತಿರುತ್ತೆ. ಅಳತೆ ಪಟ್ಟಿ ಜೇಬಿನಲ್ಲಿರಲಿ.

ಎರೆಯಲ್ಲಿ ಇನ್ನೊಂದು ಪೀಕಲಾಟ: ಮಣ್ಣು ರೆಕ್ಕೆಗೆ ಅಂಟಿಕೊಳ್ಳುತ್ತೆ. ಮಣ್ಣು ಜಾರಿ ಹೋಗಬೇಕಾದ ಜಾಗದಲ್ಲಿ ಮಣ್ಣೇ ಮಣ್ಣನ್ನ ಉಜ್ಜುತ್ತೆ, ಎಳೆತ ಹೆಚ್ಚುತ್ತೆ, ಮಗುಚೋದು ನಿಲ್ಲುತ್ತೆ. ಅದಕ್ಕೆ ಇಡೀ ರೆಕ್ಕೆಯ ಬದಲು ಪಟ್ಟಿಪಟ್ಟಿಯಾಗಿ ಸೀಳಿದ ರೆಕ್ಕೆ ಇರುವ ನೇಗಿಲು ಬರುತ್ತೆ. ಅಂಟುವ ಜಾಗವೇ ಕಡಿಮೆ. ಅಂಟು ಮಣ್ಣಿಗೆ ಕೊಳ್ಳೋದಾದರೆ ಅದನ್ನ ಕೇಳಿ. ರೆಕ್ಕೆಗೆ ತುಕ್ಕು ಹಿಡಿಯಲು ಬಿಡಬೇಡಿ, ಹಂಗಾಮು ಮುಗಿದ ಮೇಲೆ ಹಳೇ ಆಯಿಲ್ ಬಳಿದಿಡಿ. ತುಕ್ಕು ಹಿಡಿದ ರೆಕ್ಕೆ ಮೊದಲ ದಿನವೇ ಅಂಟು ಶುರು ಮಾಡುತ್ತೆ. ಡಿಸ್ಕ್ ನೇಗಿಲು ಕೂಡ ಅಂಟು ಮಣ್ಣಿಗೆ, ಗಟ್ಟಿ ನೆಲಕ್ಕೆ ಹೇಳಿ ಮಾಡಿಸಿದ್ದು. ಅದು ಚೂಪಿನಿಂದಲ್ಲ, ತೂಕದಿಂದ ಇಳಿಯುತ್ತೆ, ಆದ್ದರಿಂದ ಹಗುರ ಡಿಸ್ಕ್ ಕೊಂಡರೆ ಮೇಲೆ ಮೇಲೆ ಕೆರೆದು ಬರುತ್ತೆ ಅಷ್ಟೇ.

ಕಬ್ಬಿಣದ ನೇಗಿಲಿನ ಮಾತು ಬಂತು, ಹೇಳಿಬಿಡ್ತೀನಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಅಂತ ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡೀತು. 1910ರಲ್ಲಿ ಔಂಧ್ ಸಂಸ್ಥಾನದ ಜಾಗದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು, ನೇಗಿಲು ದಖ್ಖನಿಗೆಲ್ಲ ಹಬ್ಬಿತು. ಅವತ್ತು ಹೊಸ ಯಂತ್ರ ಅಂದ್ರೆ ಅನುಮಾನ. ಇವತ್ತು ಹೊಸ ಯಂತ್ರ ಅಂದ್ರೆ ಅನುಮಾನವೇ ಇಲ್ಲ!

ಪಲ್ಟಿ ಯಾವಾಗ? ಹಿಂಗಾರಿ ಬೆಳೆ ತೆಗೆದ ಮೇಲೆ, ಮಾಗಿ ಉಳುಮೆಗೆ. ಏಪ್ರಿಲ್-ಮೇ ಬಿಸಿಲಿಗೆ ತೆಂಗಿನಕಾಯಿ ಗಾತ್ರದ ಹೆಂಟೆ ಬಿದ್ದಿರಲಿ, ಕರಿಕೆ ಮತ್ತು ಜೇಕಿನ ಗಡ್ಡೆ ಒಣಗಲಿ. ಹೆಂಟೆ ನೋಡಿ ಗಾಬರಿಯಾಗಿ ಅದರ ಮೇಲೆ ತಕ್ಷಣ ರೋಟರ್ ಓಡಿಸಬೇಡಿ. ಎರೆ ಹೆಂಟೆ ಒಣಗಿ, ಒಂದೆರಡು ಮಳೆ ಬಿದ್ದರೆ ತಾನೇ ಅರಳುತ್ತೆ, ಸುಣ್ಣದ ಕಲ್ಲಿಗೆ ನೀರು ಹಾಕಿದ ಹಾಗೆ. ಡೀಸೆಲ್ ಖರ್ಚು ಮಾಡಿ ಮಾಡುವ ಕೆಲಸವನ್ನ ಮಳೆ ಪುಕ್ಕಟೆ ಮಾಡಿಕೊಡುತ್ತೆ.

ಪ್ರತಿ ವರ್ಷ ಪಲ್ಟಿ ಬೇಕಾ? ಬೇಡ. 1930ರ ದಶಕದಲ್ಲೇ ಸೊಲ್ಲಾಪುರ, ವಿಜಯಪುರದ ಒಣಬೇಸಾಯ ಕೇಂದ್ರಗಳಲ್ಲಿ ಇದೇ ಎರೆ ಭೂಮಿ ಮೇಲೆ ಕೆಲಸ ನಡೆದಿತ್ತು. ಅಲ್ಲಿಂದ ಬಂದ 'ಮುಂಬೈ ಒಣಬೇಸಾಯ ಪದ್ಧತಿ' ಹೇಳಿದ್ದು: ಬದು ಹಾಕಿ, ಆಳದ ಉಳುಮೆ ಮೂರು ವರ್ಷಕ್ಕೊಮ್ಮೆ, ನಡುವಿನ ವರ್ಷಗಳಲ್ಲಿ ಕುಂಟೆ, ಬೀಜ ಕಡಿಮೆ, ಸಾಲು ದೂರ. ನಮ್ಮ ಹಿರಿಯರೂ ಅಷ್ಟೇ ಅಲ್ವಾ? ಆರೆತ್ತು ಎಂಟೆತ್ತು ಕಟ್ಟಿ ದೊಡ್ಡ ನೇಗಿಲು ಹೊಡೀತಿದ್ದದ್ದು ಅಪರೂಪಕ್ಕೆ, ಕರಿಕೆ ಹಬ್ಬಿದಾಗ. ವರ್ಷವರ್ಷ ಹರಗುತ್ತಿದ್ದದ್ದು ಕುಂಟೆಯಲ್ಲಿ. ಒಂದು ಜೋಡಿ ಎತ್ತು ದಿನವಿಡೀ ಎಳೆಯಬಲ್ಲ ಭಾರ ಸುಮಾರು 80-100 ಕೆ.ಜಿ. ಪಲ್ಟಿಯ 1,200 ಕೆ.ಜಿ. ಎಲ್ಲಿ, ಇದೆಲ್ಲಿ. ಎರಡೇ ಇಂಚು ಮಣ್ಣು ಸವರುವ ಕುಂಟೆಗೆ ಅಷ್ಟು ಸಾಕಾಗಿತ್ತು. ಆ ಎರಡು ಇಂಚಿನ ಸಡಿಲ ಮಣ್ಣು ಬಿರುಕಿನ ಬಾಯಿ ಮುಚ್ಚುತ್ತೆ, ಒಳಗಿನ ಹಸಿ ಆರದ ಹಾಗೆ ಕಾಯುತ್ತೆ, ಕಸ ತೆಗೆಯುತ್ತೆ. ಹಿಂಗಾರಿ ಜೋಳಕ್ಕೆ ಎಡೆಕುಂಟೆ ಹೊಡೆದರೆ ಅರ್ಧ ನೀರು ಕೊಟ್ಟ ಹಾಗೆ ಅನ್ನೋ ಮಾತಿನ ಹಿಂದೆ ಇರೋದು ಇದೇ ವಿಜ್ಞಾನ. ಕುಂಟೆಗೆ ಜಾಹೀರಾತಿಲ್ಲ, ಸಬ್ಸಿಡಿ ಮೇಳದಲ್ಲಿ ಸ್ಟಾಲಿಲ್ಲ. ಅದಕ್ಕೇ ನಾನೂ ಟೀವಿಯಲ್ಲಿ ತೋರಿಸಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ಕುಂಟೆಯೂ ಇದೆ, ಬೇಕಾದ್ರೆ ಅದು ಕೊಳ್ಳಿ.

ಪಲ್ಟಿಗೆ ಒಂದು ಎಚ್ಚರಿಕೆ. ಹೊಡೆಸುವ ಮೊದಲು ಎರಡಡಿ ಗುಂಡಿ ತೋಡಿ. ಕೆಳಗಿನ ಮಣ್ಣು ಬಿಳಿಚಿಕೊಂಡಿದ್ದರೆ, ಸುಣ್ಣದ ಹರಳು ತುಂಬಿದ್ದರೆ, ಉಪ್ಪಿನ ಅಂಶ ಇದ್ದರೆ ಅದನ್ನ ಎತ್ತಿ ಮೇಲಕ್ಕೆ ಹಾಕಿಕೊಳ್ಳಬೇಡಿ. ಮೇಲಿನ ಒಳ್ಳೆಯ ಮಣ್ಣನ್ನ ಹೂತು ಕೆಟ್ಟದ್ದನ್ನ ಮೇಲೆ ಹರಡಿದ ಹಾಗಾಗುತ್ತೆ. ಅಂಥ ಹೊಲಕ್ಕೆ ಮಗುಚದೆ ಸೀಳುವ ಉಪಕರಣವೇ ಸರಿ.

ಅದೇ ಸಬ್‌ಸಾಯ್ಲರ್. ಒಂದೇ ಉದ್ದ ಕಾಲು, ತುದಿಗೆ ಉಗುರು. ಒಂದೂವರೆ ಅಡಿವರೆಗೆ ಇಳಿದು ಮಣ್ಣನ್ನ ಮಗುಚದೆ ಎತ್ತಿ ಬಿರುಕು ಬಿಡಿಸುತ್ತೆ. ಈಗ ಆ ಪುಕ್ಕಟೆ ನೇಗಿಲಿನ ಮಾತು ನೆನಪು ಮಾಡಿಕೊಳ್ಳಿ. ಮಳೆಯಾಶ್ರಿತ ಎರೆ ಹೊಲ ಪ್ರತಿ ಬೇಸಿಗೆ ಒಣಗಿ ತಾನೇ ಬಿರುಕು ಬಿಡುತ್ತೆ, ಸಬ್‌ಸಾಯ್ಲರ್ ಮಾಡುವ ಕೆಲಸ ಅಲ್ಲಿ ಬಹುಮಟ್ಟಿಗೆ ತಾನಾಗೇ ಆಗುತ್ತೆ. ಕಬ್ಬಿನ ಹೊಲಕ್ಕೆ? ವರ್ಷಪೂರ್ತಿ ನೀರು. ಕೂಳೆ ಮೇಲೆ ಕೂಳೆ. ಒಣಗಲು ಬಿಡುವಿಲ್ಲ, ಬಿರುಕಿಗೆ ಅವಕಾಶವಿಲ್ಲ. ಮೇಲಿಂದ ನುರಿಸುವ ಹಂಗಾಮು ಶುರುವಾಗೋದು ಅಕ್ಟೋಬರ್-ನವೆಂಬರ್‌ನಲ್ಲಿ, ಹಿಂಗಾರು ಮಳೆಯ ಹಸಿ ಇನ್ನೂ ಆರಿರಲ್ಲ. ಆಗ ಕಬ್ಬು ತುಂಬಿದ ಎರಡೆರಡು ಟ್ರೇಲರ್ ಹೊಲದೊಳಗೇ ಬರುತ್ತವೆ. ಅಷ್ಟು ಟನ್ ಭಾರ ಹಸಿ ಜೇಡಿಯ ಮೇಲೆ ಹೋದರೆ ಒತ್ತಡ ಒಂದೂವರೆ ಅಡಿವರೆಗೂ ಇಳಿಯುತ್ತೆ. ರೋಟರಿನ ಹಾಸುಗಲ್ಲು ಐದು ಇಂಚಿನದ್ದು, ಟ್ರೇಲರಿನದ್ದು ಅದರ ಕೆಳಗೆ ಇನ್ನೊಂದು.

ಸಬ್‌ಸಾಯ್ಲರ್ ಹೊಡೆಸುವ ಗುಟ್ಟು ಒಂದೇ. ಆಳದವರೆಗೆ ಮಣ್ಣು ಒಣಗಿರಬೇಕು. ಒಣ ಮಣ್ಣಾದರೆ ಉಗುರಿನ ಎರಡೂ ಬದಿಗೆ ಬಿರುಕು ಹಬ್ಬಿ ಮೇಲಿನ ನೆಲ ಬೆನ್ನುಬ್ಬಿಸಿದ ಹಾಗೆ ಏಳುತ್ತೆ. ಯಂತ್ರದ ಹಿಂದೆ ನಡೆದು ನೋಡಿ, ನೆಲ ಏಳದಿದ್ದರೆ ಕೆಲಸ ಆಗ್ತಿಲ್ಲ ಅಂತಲೇ ಅರ್ಥ. ಹಸಿಯಲ್ಲಿ ಹೊಡೆದರೆ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಒಂದು ಸೀಳು ಬೀಳುತ್ತೆ, ಸೀಳಿನ ಗೋಡೆ ನುಣ್ಣಗಾಗುತ್ತೆ, ಒಂದು ನೀರಿಗೆ ಮತ್ತೆ ಮುಚ್ಚಿಕೊಳ್ಳುತ್ತೆ. ದುಡ್ಡು ನೀರಿಗೆ. ಗೆರೆಯಿಂದ ಗೆರೆಗೆ ದೂರ ಹೆಚ್ಚೆಂದರೆ ಆಳದ ಒಂದೂವರೆ ಪಟ್ಟು. ಒಂದೂವರೆ ಅಡಿ ಆಳಕ್ಕೆ ಎರಡು-ಎರಡೂಕಾಲು ಅಡಿ. ಬಾಡಿಗೆಯವರು ನಾಲ್ಕಡಿಗೊಂದು ಎಳೆದು ಎಕರೆ ಮುಗಿಸ್ತಾರೆ, ನೋಡಿಕೊಳ್ಳಿ. 50 ಎಚ್‌ಪಿ ಟ್ರ್ಯಾಕ್ಟರಿಗೆ ಒಂದೇ ಕಾಲು ಸಾಕು. ಕಬ್ಬು ತೆಗೆದು ಹೊಸದಾಗಿ ನೆಡುವ ವರ್ಷ ಮಾತ್ರ ಮಾಡಿಸಿ.

ಹೊಲ ಒಣಗುವುದೇ ಇಲ್ಲವಲ್ಲ, ಏನ್ಮಾಡೋದು? ಕೂಳೆ ಕಿತ್ತ ಮೇಲೆ ಒಂದು ಹಂಗಾಮು ಕಡಲೆ ಅಥವಾ ಕುಸುಬೆ ಹಾಕಿ. ಕುಸುಬೆಯ ತಾಯಿಬೇರು ಬಹಳ ಆಳಕ್ಕೆ ಹೋಗಿ ನೀರು ಹೀರುತ್ತೆ. ಕೆಳಗಿನ ಮಣ್ಣು ಒಣಗಿ ಬಿರಿಯುತ್ತೆ. ಆಮೇಲೆ ಸಬ್‌ಸಾಯ್ಲರ್ ಹಾಕಿದರೆ ಅರ್ಧ ಕೆಲಸ ಕುಸುಬೆ ಮಾಡಿ ಮುಗಿಸಿರುತ್ತೆ.

ಭಾರದ ವಿಷಯದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ರೈತರಿಂದ ಒಂದು ಬುದ್ಧಿ ಕಲಿಯಬಹುದು. ಅಲ್ಲಿಯೂ ನಮ್ಮಂಥದ್ದೇ ಕಪ್ಪು ಮಣ್ಣು. ಅವರು ಹೊಲದಲ್ಲಿ ಚಕ್ರದ ದಾರಿಯನ್ನೇ ಖಾಯಂ ಗೊತ್ತು ಮಾಡಿಬಿಟ್ಟಿದ್ದಾರೆ. ಯಾವ ಯಂತ್ರ ಬಂದರೂ ಅದೇ ಗೆರೆ ಮೇಲೆ. ಗೆರೆ ಕಲ್ಲಾದರೆ ಆಗಲಿ, ಬೆಳೆಯ ಜಾಗ ಮೆತ್ತಗಿರುತ್ತೆ. ನಮ್ಮ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ 1970ರ ದಶಕದಲ್ಲೇ ಎರೆ ಭೂಮಿಗೆ ಅಗಲ ಮಡಿ ಮತ್ತು ಬೋದಿನ ಪದ್ಧತಿ ಮಾಡಿತ್ತು: ಒಂದು ಮೀಟರ್ ಮಡಿ, ಅರ್ಧ ಮೀಟರ್ ಕಾಲುವೆ. ಎತ್ತು, ಗಾಲಿ ಎಲ್ಲ ಕಾಲುವೆಯಲ್ಲಿ, ಬೇರು ಮಡಿಯಲ್ಲಿ, ಹೆಚ್ಚಿನ ನೀರೂ ಅದೇ ಕಾಲುವೆಯಿಂದ ಹೊರಕ್ಕೆ. ಕಬ್ಬಿನಲ್ಲಿ ಇದನ್ನ ಮಾಡೋದು ಇನ್ನೂ ಸುಲಭ. ಟ್ರೇಲರ್ ಬರಲು ಎರಡು ದಾರಿ ಮೀಸಲಿಡಿ, ಉಳಿದ ಸಾಲಿಗೆ ಹತ್ತಿಸಬೇಡಿ. ಕಟಾವು ಗ್ಯಾಂಗ್ ಗೊಣಗುತ್ತೆ, ಗೊಣಗಲಿ.

ನೀರಿನ ಮಾತನ್ನೂ ಆಡಲೇಬೇಕು. ಇದೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡರು. ಶ್ರಮಬಿಂದು ಸಾಗರ. ಸರ್ಕಾರದ ದಾರಿ ಕಾಯದೆ ನೀರು ತಂದ ಜನ ಇವರು. ಆದ್ರೆ ಎರೆಗೆ ನೀರು ತರೋದು ಅರ್ಧ ಕೆಲಸ, ಹೆಚ್ಚಿನ ನೀರನ್ನ ಹೊರಗೆ ಹಾಕೋದು ಇನ್ನರ್ಧ. ಹೊರಗೆ ದಾರಿ ಇಲ್ಲದಿದ್ದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ, ಹೊಲ ಸವಳಾಗುತ್ತೆ. ಸವಳು ಬಿದ್ದ ಹೊಲದಲ್ಲಿ ಸೋಡಿಯಂ ಹೆಚ್ಚಾಗಿ ಮಣ್ಣಿನ ಕಣ ಒಂದನ್ನೊಂದು ಬಿಟ್ಟು ಕರಗುತ್ತವೆ. ಆಗ ಪಲ್ಟಿಯೂ ಇಲ್ಲ, ಸಬ್‌ಸಾಯ್ಲರೂ ಇಲ್ಲ, ಯಾವ ಸೀಳು ಹಾಕಿದರೂ ಒಂದೇ ಮಳೆಗೆ ಮುಚ್ಚುತ್ತೆ. ಮಣ್ಣು ಪರೀಕ್ಷೆ, ಬಸಿಗಾಲುವೆ, ಬೇಕಾದಷ್ಟು ಜಿಪ್ಸಮ್. ಈ ಮೂರು ಮೊದಲು, ಯಂತ್ರ ಆಮೇಲೆ.

ಕೊನೆಗೆ ದುಡ್ಡು. ನಮ್ಮ ಸಾವಳಗಿಯ ರೈತರಿಗೆ ಇರೋದು ಆರೂವರೆ ಎಕರೆ. ನಾಲ್ಕು ಕಬ್ಬು, ಎರಡೂವರೆ ಮಳೆಯಾಶ್ರಿತ. ಎರಡು ಕುಳದ ಪಲ್ಟಿ ತಿರುವು-ಮುರುವು ಎಲ್ಲ ಸೇರಿ ಗಂಟೆಗೆ ಅರ್ಧ ಎಕರೆಗೂ ಸ್ವಲ್ಪ ಕಡಿಮೆ ಉಳುತ್ತೆ. ಆರೂವರೆ ಎಕರೆಗೆ 15 ಗಂಟೆ. ವರ್ಷದಲ್ಲಿ 8,760 ಗಂಟೆ. ಉಳಿದ 8,745 ಗಂಟೆ ಆ ಪಲ್ಟಿ ಬೇವಿನ ಮರದ ಕೆಳಗೆ ನಿಂತಿರುತ್ತೆ. ಸಬ್‌ಸಾಯ್ಲರ್ ಆದ್ರೆ ಮೂರು ವರ್ಷಕ್ಕೊಮ್ಮೆ ಅದೂ ನಾಲ್ಕೇ ಎಕರೆಗೆ. ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್, ಪರಿಶಿಷ್ಟರಿಗೆ 90 ಪರ್ಸೆಂಟ್ ಸಹಾಯಧನ ಮಿತಿಯೊಳಗೆ ಸಿಗುತ್ತೆ ನಿಜ. ಆದ್ರೆ ಅರ್ಧ ಬೆಲೆಗೆ ಸಿಕ್ಕಿತು ಅಂತ ಬೇಡದ ಯಂತ್ರ ಕೊಂಡರೆ ಉಳಿದರ್ಧ ನಮ್ಮ ಜೇಬಿಂದಲೇ ಹೋಗುತ್ತೆ. ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಇರೋದು ಇಂಥ ಕೆಲಸಕ್ಕೇ. ಇಲ್ಲವೇ ನಾಲ್ಕೈದು ಮನೆಯವರು ಸೇರಿ ಒಂದು ಸಬ್‌ಸಾಯ್ಲರ್ ಕೊಳ್ಳಿ. ಹದದ ದಿನ ಎಲ್ಲರಿಗೂ ಒಂದೇ ಬರುತ್ತೆ, ಜಗಳ ಆಗುತ್ತೆ ಅಂತೀರಾ? ಸಬ್‌ಸಾಯ್ಲರಿಗೆ ಬೇಕಾದದ್ದು ಬೇಸಿಗೆಯ ಒಣ ನೆಲ. ಏಪ್ರಿಲ್, ಮೇ ಪೂರ್ತಿ ಇದೆ, ಜಗಳಕ್ಕೆ ಜಾಗವಿಲ್ಲ.

ನಾನು ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ಕಾಕಾ, ಮೊದಲು ಕ್ಷಮಿಸಿ. ಅವತ್ತು ಟೀವಿಯಲ್ಲಿ ಅರ್ಧವೇ ಹೇಳಿದ್ದೆ. ಈಗ ಏನೂ ಕೊಳ್ಳಬೇಡಿ, ಗುಂಡಿ ತೋಡಿ ಫೋಟೋ ಕಳಿಸಿ."

ಎರಡು ದಿನಕ್ಕೆ ಫೋಟೋ ಬಂತು. ಐದು ಇಂಚಿನವರೆಗೆ ಕಬ್ಬಿನ ಬೇರು ನೇರವಾಗಿ ಇಳಿದಿವೆ. ಅಲ್ಲಿಂದ ಗೋಡೆಗೆ ಬಡಿದ ಹಾಗೆ ಅಡ್ಡಕ್ಕೆ ತಿರುಗಿ ಚಾಪೆ ಹೆಣೆದುಕೊಂಡಿವೆ. ಅದರ ಕೆಳಗಿನ ಮಣ್ಣಲ್ಲಿ ಬೇರು ಹುಡುಕಬೇಕು. ಕೆಳಗೆ ಬಿಳಿ ಇರಲಿಲ್ಲ, ಅದೊಂದು ಸಮಾಧಾನ. ಆ ನಾಲ್ಕು ಎಕರೆಗೆ ಈ ಸಲ ಕಬ್ಬು ಹೋದ ಮೇಲೆ ಕಡಲೆ, ಬೇಸಿಗೆಯಲ್ಲಿ ಬಾಡಿಗೆ ಸಬ್‌ಸಾಯ್ಲರ್ ಅಂತ ಮಾತಾಯಿತು. ಎರಡೂವರೆ ಎಕರೆ ಒಣ ಹೊಲಕ್ಕೆ ಸದ್ಯ ಪಲ್ಟಿಯೂ ಬೇಡ.

"ಹಂಗಾರ ಒಣಾ ಹೊಲಕ್ಕ ಕುಂಟಿ ಒಂದ ಸಾಕೇನ್ರಿ?" ಅಂದ್ರು.

"ಸಾಕು ಕಾಕಾ. ಕುಂಟೆ ಇದೆಯಾ?"

"ನಮ್ಮಪ್ಪನ ಕಾಲದ್ದು ಐತ್ರಿ, ದನದ ಮನ್ಯಾಗ ಅಟ್ಟದ ಮ್ಯಾಲ. ಕುಡ ಸವದೈತಿ. ನಾಳೆ ಕಂಬಾರ ಕಡೆ ಒಯ್ದು ಬಡಿಸ್ಕೊಂಡು ಬರ್ತೀನಿ. ಎತ್ತು ಮಾತ್ರ ಕಾಕನ ಮಗನ ಕಡೆ ಕೇಳಬೇಕು ನೋಡ್ರಿ."